ಎಸ್ಸೆಸ್ಸೆಲ್ಸಿ ಆದ ಮೇಲೆ: ಐಟಿಐ, ಡಿಪ್ಲೊಮಾ, ಪಿಯುಸಿ

ಆಲೂರು ತಾಲ್ಲೂಕಿನ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ, ಹೆಚ್ಚು ಅಂಕದವರು ಪಿಯುಸಿಗೆ, ಕಡಿಮೆ ಅಂಕದವರು ಐಟಿಐಗೆ (ಕೈಗಾರಿಕಾ ತರಬೇತಿ ಸಂಸ್ಥೆಗೆ) ಎಂದು ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಹಾಸನದಲ್ಲಿ ಐಟಿಐಯ ಫಿಟ್ಟರ್ ಟ್ರೇಡ್, ಅಂದರೆ ಯಂತ್ರದ ಬಿಡಿಭಾಗಗಳನ್ನು ಸಿದ್ಧಪಡಿಸಿ ಜೋಡಿಸುವ ಕೆಲಸ, ಕಲಿತು, ಬಳಿಕ ಲ್ಯಾಟರಲ್ ಎಂಟ್ರಿಯಲ್ಲಿ (ಮೊದಲ ವರ್ಷ ಬಿಟ್ಟು ನೇರ ಎರಡನೆಯ ವರ್ಷಕ್ಕೆ ಸೇರಿ) ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನನಗೆ ಈ ವಿಂಗಡಣೆಯಿಂದ ಕೂಲಿಕಾರರ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎನಿಸುತ್ತದೆ.

ಐಟಿಐಯಲ್ಲಿ ದಿನದ ಹೆಚ್ಚಿನ ಹೊತ್ತು ವರ್ಕ್‌ಶಾಪಿನಲ್ಲೇ ಕಳೆಯುತ್ತಿತ್ತು. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, 0.02 ಮಿಲಿಮೀಟರ್‌ವರೆಗೆ ತೋರಿಸುವ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಎರಡು ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರುವ ತನಕ ಬೋಧಕರು ಬಿಡುತ್ತಿರಲಿಲ್ಲ. ವಿವರಣೆಯೆಲ್ಲ ಕನ್ನಡದಲ್ಲಿದ್ದುದರಿಂದ ಭಾಷೆಯ ಭಯ ಇರಲಿಲ್ಲ. ಆದರೆ ಲೆಕ್ಕಾಚಾರದ ಬೋಧನೆ ತೀರಾ ತೆಳುವಾಗಿತ್ತು.

ಆ ಕೊರತೆ ಡಿಪ್ಲೊಮಾದಲ್ಲಿ ಎದ್ದು ಕಂಡಿತು. ಐಟಿಐಯಿಂದ ಬಂದವರು ನೇರವಾಗಿ ಮೂರನೆಯ ಸೆಮಿಸ್ಟರ್‌ಗೆ ಸೇರುತ್ತೇವೆ. ಪುಸ್ತಕಗಳು ಇಂಗ್ಲಿಷಿನಲ್ಲಿ, ಗಣಿತವಂತೂ ಕಠಿಣ. ಆದರೂ ಡ್ರಾಯಿಂಗ್ ಓದುವುದು, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬ ಮಿತಿ) ಗುರುತಿಸುವುದು, ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುವುದು ಇವುಗಳಲ್ಲಿ ನಾವು ಮುಂದಿದ್ದೆವು, ಏಕೆಂದರೆ ಸಹಪಾಠಿಗಳು ಹಾಳೆಯ ಮೇಲೆ ಕಲಿಯುತ್ತಿದ್ದುದನ್ನು ನಮ್ಮ ಕೈ ಆಗಲೇ ಮಾಡಿ ನೋಡಿತ್ತು. ಎಸ್ಸೆಸ್ಸೆಲ್ಸಿ ಬಳಿಕ ನೇರ ಡಿಪ್ಲೊಮಾಕ್ಕೆ ಮೂರು ವರ್ಷ ಸಾಕು, ಈ ದಾರಿಗೆ ನಾಲ್ಕು ಬೇಕು ಎಂಬುದು ನಿಜ. ಆದರೆ ಎರಡನೆಯ ವರ್ಷದ ಕೊನೆಗೇ ಟ್ರೇಡ್ ಪ್ರಮಾಣಪತ್ರ ಕೈ ಸೇರುತ್ತದೆ. ಮನೆಯಲ್ಲಿ ತೊಂದರೆಯಾದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಾ ಕಾರ್ಖಾನೆಯಲ್ಲಿ ಕಲಿಯಬಹುದು. ನೇರ ಡಿಪ್ಲೊಮಾವನ್ನು ನಡುವೆ ಬಿಟ್ಟವರ ಕೈಯಲ್ಲಿ ಈ ಟ್ರೇಡ್ ಪ್ರಮಾಣಪತ್ರ ಇರುವುದಿಲ್ಲ.

ತಂಗಿ ಓದಿದ್ದು ವಿಜ್ಞಾನ ಪಿಯುಸಿ. ಟ್ಯೂಷನ್ ಖರ್ಚು ಭರಿಸಬಲ್ಲ, ಮುಂದೆ ಇನ್ನೂ ನಾಲ್ಕಾರು ವರ್ಷ ಓದಿಸಬಲ್ಲ ಮನೆಗೆ ಅದು ಒಳ್ಳೆಯ ಆಯ್ಕೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ನಮ್ಮದು ಅಂಥ ಮನೆಯಾಗಿರಲಿಲ್ಲ.

ಬೇಗ ದುಡಿಯಲೇಬೇಕಾದ ಮನೆಯ ಮಕ್ಕಳಿಗೆ ನಾನು ಎರಡು ವರ್ಷದ ಟ್ರೇಡನ್ನೇ, ಅಂದರೆ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಅನ್ನು, ಸೂಚಿಸುತ್ತೇನೆ. ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಸೀಟು ಖಚಿತವಾಗಿದ್ದು, ಗಣಿತದಲ್ಲಿ ಹಿಡಿತವಿದ್ದರೆ ಮಾತ್ರ ನೇರ ಡಿಪ್ಲೊಮಾ ಮೇಲು. ಎರಡೂ ದಾರಿಯವರು ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು, ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು.