ಹತ್ತು ಇನ್‌ಪುಟ್ ಸಾಕು, ಆರು ಔಟ್‌ಪುಟ್ ಸಾಲದು: ಕಾಲೇಜು ಕಂಟ್ರೋಲ್ ರೂಮಿಗೆ ಎಟಿಇಎಂ 1 ಎಂ/ಇ ಕಾನ್‌ಸ್ಟಲೇಶನ್ ಎಚ್‌ಡಿ

ಕ್ಯಾಂಪಸ್ ಸ್ಟುಡಿಯೋ ನವೀಕರಣದ ಟೆಂಡರ್ ತೆರೆದು ನೋಡಿ. ಸ್ವಿಚರ್ (ಹಲವು ಕ್ಯಾಮೆರಾಗಳ ಚಿತ್ರದಲ್ಲಿ ಬೇಕಾದ್ದನ್ನು ಆರಿಸಿ ಹೊರಗೆ ಕಳಿಸುವ ಯಂತ್ರ) ಬಗ್ಗೆ ಎರಡು ಪುಟ, ಕೇಬಲ್ ಬಗ್ಗೆ ಒಂದೇ ಸಾಲು: ‘ವೈರಿಂಗ್, ಕನೆಕ್ಟರ್ ಸಹಿತ, 1 ಲಾಟ್’. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್‌ನ ಈ ಪುಟ್ಟ ಸ್ವಿಚರ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಆ ಅನುಪಾತವನ್ನು ತಿರುವಿ ಹಾಕಬೇಕಾಗುತ್ತದೆ. 2022ರಲ್ಲಿ ಬಂದಾಗ ಅಮೆರಿಕದಲ್ಲಿ ಇದರ ಬೆಲೆ 995 ಡಾಲರ್. ಇಲ್ಲಿ ಸುಂಕ, ಜಿಎಸ್‌ಟಿ ಸೇರಿಸಿಕೊಂಡರೂ ಇಡೀ ಕೋಣೆಯ ಖರ್ಚಿನಲ್ಲಿ ಇದರದ್ದು ಸಣ್ಣ ಪಾಲು. ಉಳಿಯುವ ದುಡ್ಡು ಕೇಬಲ್, ಕನೆಕ್ಟರ್, ಅರ್ತಿಂಗ್ ಮತ್ತು ಯುಪಿಎಸ್‌ಗೆ ಹೋಗಬೇಕು. ಹೋಗದಿದ್ದರೆ ಸ್ವಿಚರ್ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ.

ಪೆಟ್ಟಿಗೆಯಲ್ಲಿ ಸಿಗುವುದು 1ಯು ಎತ್ತರದ, ಅಂದರೆ 44.45 ಮಿ.ಮೀ. ದಪ್ಪದ ಒಂದು ಯಂತ್ರ. 3ಜಿ-ಎಸ್‌ಡಿಐ (ಒಂದೇ ಕೋಆಕ್ಸ್ ಕೇಬಲ್‌ನಲ್ಲಿ ಹೋಗುವ ಡಿಜಿಟಲ್ ವಿಡಿಯೋ) ಇನ್‌ಪುಟ್ ಹತ್ತು, ಬೇಕಾದ ಸೋರ್ಸ್ ಕಳಿಸಬಹುದಾದ ಔಟ್‌ಪುಟ್ ಆರು, ಎಲ್ಲ ಚಿತ್ರಗಳನ್ನೂ ಒಂದೇ ಪರದೆಯಲ್ಲಿ ತೋರಿಸುವ ಮಲ್ಟಿವ್ಯೂ ಬೇರೆ. ಪ್ರತಿ ಇನ್‌ಪುಟ್‌ಗೂ ಅದರದೇ ಸ್ಟ್ಯಾಂಡರ್ಡ್ಸ್ ಕನ್ವರ್ಟರ್ ಇದೆ. ಒಂದು ಕ್ಯಾಮೆರಾ 720ಪಿ, ಇನ್ನೊಂದು 1080ಐ ಕೊಟ್ಟರೂ ಎರಡನ್ನೂ ಒಂದೇ ಅಳತೆಗೆ ತಂದು ಕೂರಿಸುತ್ತದೆ. ಎಚ್‌ಡಿಎಂಐ ಇನ್‌ಪುಟ್ ಇಲ್ಲ. ಒಳಗೆ ರೆಕಾರ್ಡಿಂಗ್ ಸೌಲಭ್ಯವೂ ಇಲ್ಲ. ಇವೆರಡನ್ನೂ ಮೊದಲೇ ತಿಳಿದುಕೊಂಡು ಕೊಂಡವರಿಗೆ ಬೇಸರವಾಗುವುದಿಲ್ಲ.

ಮೊದಲು ಇನ್‌ಪುಟ್ ಎಣಿಸೋಣ. ಕ್ಯಾಮೆರಾ 4, ಪಾಠದ ಲ್ಯಾಪ್‌ಟಾಪ್ 1, ವಿಡಿಯೋ ಕರೆಯಲ್ಲಿ ಬರುವ ಅತಿಥಿಗೆ ಒಂದು ಪಿಸಿ, ಪ್ಲೇಬ್ಯಾಕ್ 1. ಇಲ್ಲಿಗೆ ಏಳಾಯಿತು. ಹೆಸರಪಟ್ಟಿ ಹಾಕುವ ಗ್ರಾಫಿಕ್ಸ್ ಯಂತ್ರ ಒಂದೇ ಇನ್‌ಪುಟ್‌ನಲ್ಲಿ ಮುಗಿಯುತ್ತದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅಕ್ಷರದ ಅಂಚು ನಯವಾಗಿ ಬರಬೇಕಾದರೆ ಫಿಲ್ (ಅಕ್ಷರದ ಚಿತ್ರ) ಒಂದು, ಕೀ (ಎಲ್ಲಿ ಎಷ್ಟು ಪಾರದರ್ಶಕ ಎಂದು ಹೇಳುವ ಚಿತ್ರ) ಒಂದು, ಹೀಗೆ ಎರಡು ಕೇಬಲ್ ಬೇಕು. ಒಟ್ಟು 9. ಹತ್ತನೆಯದನ್ನು ಪ್ಯಾಚ್ ಪ್ಯಾನೆಲ್‌ಗೆ ತಂದು ಖಾಲಿ ಬಿಡಿ. ವಾರ್ಷಿಕೋತ್ಸವದ ದಿನ ಯಾರೋ ಒಬ್ಬರು ಹೊಸ ಕ್ಯಾಮೆರಾ ಹಿಡಿದು ಬಂದೇ ಬರುತ್ತಾರೆ.

ಇಕ್ಕಟ್ಟು ಇರುವುದು ಔಟ್‌ಪುಟ್‌ಗಳಲ್ಲಿ. ಪ್ರೋಗ್ರಾಂ ರೆಕಾರ್ಡರ್‌ಗೆ ಒಂದು, ಹೆಸರಪಟ್ಟಿ ಇಲ್ಲದ ಕ್ಲೀನ್ ಫೀಡ್‌ಗೆ ಒಂದು, ಸ್ಟುಡಿಯೋ ನೆಲದ ಮಾನಿಟರ್‌ಗೆ ಒಂದು, ಅತಿಥಿಯ ಪಿಸಿಗೆ ಹಿಂತಿರುಗುವುದು ಒಂದು, ಸ್ಟ್ರೀಮಿಂಗ್ ಎನ್‌ಕೋಡರ್‌ಗೆ ಒಂದು, ಸಭಾಂಗಣದ ಪ್ರೊಜೆಕ್ಟರ್‌ಗೆ ಒಂದು. ಆರೂ ತೀರಿಹೋದವು. ನಾಲ್ಕು ಕ್ಯಾಮೆರಾಗಳಿಗೆ ರಿಟರ್ನ್ (ಸ್ವಿಚರ್‌ನಿಂದ ಕ್ಯಾಮೆರಾಗೆ ವಾಪಸ್ ಹೋಗುವ ಸಿಗ್ನಲ್) ಇನ್ನೂ ಕೊಟ್ಟೇ ಇಲ್ಲ. ಪರಿಹಾರ ಸುಲಭ: ಪ್ರೋಗ್ರಾಂ ಔಟ್‌ಪುಟ್ ಒಂದನ್ನು, ಒಂದು ಒಳಗೆ ಎಂಟು ಹೊರಗೆ ಇರುವ ಎಸ್‌ಡಿಐ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್‌ಗೆ ಕೊಟ್ಟು ಅಲ್ಲಿಂದ ಹಂಚುವುದು. ಅದೇ ಕಂಪನಿಯ ಕ್ಯಾಮೆರಾಗಳಾದರೆ ಟ್ಯಾಲಿ (ಯಾವ ಕ್ಯಾಮೆರಾ ಆನ್‌ಏರ್ ಎಂದು ತೋರಿಸುವ ಕೆಂಪು ದೀಪ), ಐರಿಸ್ (ಲೆನ್ಸ್‌ನ ಬೆಳಕಿನ ಕಿಂಡಿ) ಮತ್ತು ಬಣ್ಣದ ನಿಯಂತ್ರಣದ ಸಂಕೇತಗಳೂ ಇದೇ ರಿಟರ್ನ್ ಎಸ್‌ಡಿಐ ಒಳಗೆ ಹೋಗುತ್ತವೆ. ಆದ್ದರಿಂದ ಮಧ್ಯದಲ್ಲಿ ಡೌನ್‌ಕನ್ವರ್ಟರ್ ಇಡಬಾರದು, ಅದು ಚಿತ್ರವನ್ನು ದಾಟಿಸಿ ಸಂಕೇತವನ್ನು ಉದುರಿಸಿಬಿಡುತ್ತದೆ. ಮಲ್ಟಿವ್ಯೂ ಔಟ್‌ಪುಟ್‌ನಿಂದ ರಿಟರ್ನ್ ಕೊಟ್ಟರೂ ಟ್ಯಾಲಿ ಬರುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಐಡಿ ಸಂಖ್ಯೆಯೂ ಸ್ವಿಚರ್ ಇನ್‌ಪುಟ್ ಸಂಖ್ಯೆಯೂ ಒಂದೇ ಇರಬೇಕು. ಇಲ್ಲದಿದ್ದರೆ 2ನೇ ಕ್ಯಾಮೆರಾ ಆನ್‌ಏರ್ ಹೋದಾಗ 3ನೆಯದರ ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

ಬೇರೆ ಕಂಪನಿಯ ಕ್ಯಾಮೆರಾಗಳಿದ್ದರೆ ಐರಿಸ್ ನಿಯಂತ್ರಣದ ಆಸೆ ಬಿಡಿ. ಟ್ಯಾಲಿಗೆ ‘ಜಿಪಿಐ ಆ್ಯಂಡ್ ಟ್ಯಾಲಿ ಇಂಟರ್‌ಫೇಸ್’ ಎಂಬ ಪ್ರತ್ಯೇಕ ಪೆಟ್ಟಿಗೆ ಇದೆ. ಇದು ನೆಟ್‌ವರ್ಕ್ ಮೂಲಕ ಸ್ವಿಚರ್ ಜತೆ ಮಾತಾಡಿ ಎಂಟು ಕಾಂಟ್ಯಾಕ್ಟ್ ಕ್ಲೋಷರ್ (ದೀಪ ಹೊತ್ತಿಸಬಲ್ಲ ಸ್ವಿಚ್ ಸಂಪರ್ಕ) ಕೊಡುತ್ತದೆ.

ಇನ್ನು ಕೇಬಲ್. 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಶುರುವಾಯಿತು. ಆ ಕಾಲದ ಸ್ಟುಡಿಯೋಗಳ ನೆಲದ ಟ್ರೆಂಚ್‌ನಲ್ಲಿ ಮಲಗಿರುವುದು ಹಳೆಯ ಅನಲಾಗ್ ವಿಡಿಯೋ ಸಿಗ್ನಲ್ಲಾದ ಪಾಲ್ ಕಾಂಪೊಸಿಟ್‌ಗೆಂದು ಎಳೆದ ಆರ್‌ಜಿ-59 ಕೇಬಲ್. ‘ಅದೂ 75 ಓಮ್, ಇದೂ 75 ಓಮ್, ಹಳೆಯದನ್ನೇ ಇಟ್ಟುಕೊಳ್ಳೋಣ’ ಎಂಬ ಮಾತು ಕಮಿಟಿ ಮೀಟಿಂಗ್‌ನಲ್ಲಿ ಬರುತ್ತದೆ. ಕಾಂಪೊಸಿಟ್‌ಗೆ ಬೇಕಿದ್ದದ್ದು ಐದಾರು ಮೆಗಾಹರ್ಟ್ಸ್. 1080ಐ50 ಎಸ್‌ಡಿಐ ಓಡುವುದು ಸೆಕೆಂಡಿಗೆ 1.485 ಗಿಗಾಬಿಟ್‌ನಲ್ಲಿ, 1080ಪಿ50 ಅದರ ಎರಡರಷ್ಟು, 2.97ರಲ್ಲಿ. ಹಳೆಯ ಘನ ಪಾಲಿಥೀನ್ ಕೇಬಲ್‌ನಲ್ಲಿ ಈ ವೇಗ ಸ್ವಲ್ಪ ದೂರ ಹೋಗಿ ಸೋಲುತ್ತದೆ. ಕಿತ್ತು ಎಸೆಯಬೇಕಾಗಿಲ್ಲ. ಬ್ಲ್ಯಾಕ್ ಬರ್ಸ್ಟ್ (ಎಲ್ಲ ಯಂತ್ರಗಳ ಸಮಯ ಹೊಂದಿಸುವ ರೆಫರೆನ್ಸ್ ಸಿಗ್ನಲ್) ಸಾಗಿಸಲು ಅದು ಈಗಲೂ ಚೆನ್ನ. ತೀರ ಹಾಳಾದದ್ದನ್ನು ಹೊಸ ಕೇಬಲ್ ಎಳೆಯುವ ಹಗ್ಗವಾಗಿ ಬಳಸಿ.

ಹೊಸದಕ್ಕೆ ಬೆಲ್ಡನ್ 1694ಎ ಅಥವಾ ಅದಕ್ಕೆ ಸಮನಾದ ಆರ್‌ಜಿ-6 ಎಸ್‌ಡಿಐ ಕೇಬಲ್ ತೆಗೆದುಕೊಳ್ಳಿ. 1.5 ಗಿಗಾಬಿಟ್‌ಗೆ ಸುಮಾರು 110 ಮೀಟರ್, 3 ಗಿಗಾಬಿಟ್‌ಗೆ ಸುಮಾರು 75 ಮೀಟರ್ ಇದರ ಮಿತಿ. ರ‍್ಯಾಕ್ ಒಳಗಿನ ಒಂದೆರಡು ಮೀಟರ್ ತುಂಡುಗಳಿಗೆ ಇಷ್ಟು ದಪ್ಪ ಬೇಡ, 1855ಎ ತರಹದ ತೆಳು ಕೇಬಲ್ ಸಾಕು. ಒಂದೇ ಎಚ್ಚರಿಕೆ: ಎರಡಕ್ಕೂ ಬೇರೆ ಬೇರೆ ಬಿಎನ್‌ಸಿ ಕನೆಕ್ಟರ್, ಬೇರೆ ಬೇರೆ ಕ್ರಿಂಪ್ ಡೈ (ಕನೆಕ್ಟರ್ ಒತ್ತಿ ಕೂರಿಸುವ ಅಚ್ಚು). ದಪ್ಪದ ಡೈನಲ್ಲಿ ತೆಳು ಕೇಬಲ್ ಒತ್ತಿದರೆ ಕೈಗೆ ಗಟ್ಟಿ ಎನಿಸುತ್ತದೆ, ಆರು ತಿಂಗಳಲ್ಲಿ ಜಾರಿ ಬರುತ್ತದೆ.

ನಾಲ್ಕು ಕ್ಯಾಮೆರಾ ಪಾಯಿಂಟ್‌ಗೆ ತಲಾ ಮೂರು ಎಳೆ: ಕ್ಯಾಮೆರಾ ಔಟ್, ರಿಟರ್ನ್, ರೆಫರೆನ್ಸ್. ಸರಾಸರಿ 25 ಮೀಟರ್ ಹಿಡಿದರೆ 12 ಎಳೆಗೆ 300 ಮೀಟರ್. 305 ಮೀಟರ್‌ನ ಒಂದು ರೀಲ್‌ನಲ್ಲಿ ಕೂದಲೆಳೆಯಷ್ಟೇ ಉಳಿಯುತ್ತದೆ, ಹಾಗಾಗಿ ರೆಫರೆನ್ಸ್‌ಗೆ ಹಳೆಯ ಕೇಬಲ್ ಬಳಸಿ 100 ಮೀಟರ್ ಕೈಯಲ್ಲಿಟ್ಟುಕೊಳ್ಳುವುದು ಜಾಣತನ. ರ‍್ಯಾಕ್ ಒಳಗೆ ಸುಮಾರು 40 ತುಂಡು, ತಲಾ 2 ಮೀಟರ್. ಎಲ್ಲ ಸೇರಿ ಬಿಎನ್‌ಸಿ ನೂರು ದಾಟುತ್ತದೆ. ಕ್ರಿಂಪ್ ಕೆಟ್ಟು ಎಸೆಯುವುದನ್ನೂ ಸೇರಿಸಿ 130 ತರಿಸಿ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಡಿಟಿಎಚ್ ಆರ್‌ಜಿ-6 ಬೆಲೆಯಲ್ಲಿ ಎಷ್ಟೋ ಅಗ್ಗ, ನೋಡಲು ಒಂದೇ ತರಹ. ತುದಿ ಸುಲಿದು ನಡುವಿನ ತಂತಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರ ಲೇಪಿಸಿದ ಉಕ್ಕು. ಹೊರಗಿನ ತಂತಿ ಹೆಣಿಗೆಯೂ ಅಲ್ಯೂಮಿನಿಯಂನದು, ಕ್ರಿಂಪ್‌ಗೆ ನಿಲ್ಲುವುದಿಲ್ಲ. ಡಿಶ್ ಆಂಟೆನಾಗೆ ಸರಿ, ಸ್ಟುಡಿಯೋಗೆ ಬೇಡ.

ಕ್ರಿಂಪ್ ಮಾಡಿದ ಪ್ರತಿ ಬಿಎನ್‌ಸಿಯನ್ನೂ ಕಣ್ಣಿನ ಹತ್ತಿರ ತಂದು ನೋಡಬೇಕು. ನಡುವಿನ ಪಿನ್ ಒಳಗೆ ಕುಳಿತಿದ್ದರೆ ಜೋಡಿಸಿದಾಗ ಕೆಲವೊಮ್ಮೆ ಮುಟ್ಟುತ್ತದೆ, ಕೆಲವೊಮ್ಮೆ ಇಲ್ಲ. ಹೆಣಿಗೆಯ ಒಂದೇ ಒಂದು ಎಳೆ ಪಿನ್ ಕಡೆ ಬಾಗಿದ್ದರೂ ಶಾರ್ಟ್. ಆಮೇಲೆ ಆಚೆ ತುದಿಗೆ 75 ಓಮ್ ಟರ್ಮಿನೇಟರ್ ಸಿಕ್ಕಿಸಿ ಈಚೆ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 75ರಿಂದ 77 ಬಂದರೆ ಸರಿ. ಸೊನ್ನೆ ಬಂದರೆ ಶಾರ್ಟ್, ಏನೂ ಬಾರದಿದ್ದರೆ ಎಲ್ಲೋ ಕಡಿದಿದೆ. 37ರ ಆಸುಪಾಸು ಬಂದರೆ ಎಲ್ಲೋ ಇನ್ನೊಂದು ಟರ್ಮಿನೇಟರ್ ಅಡಗಿದೆ. ಹಳೆಯ ಬ್ಲ್ಯಾಕ್ ಬರ್ಸ್ಟ್ ಸರಪಳಿಯಲ್ಲಿ ಇದು ಮಾಮೂಲು: ಎರಡು ಟರ್ಮಿನೇಟರ್ ಬಿದ್ದರೆ ಸಿಗ್ನಲ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಒಂದೂ ಇಲ್ಲದಿದ್ದರೆ ಎರಡರಷ್ಟಾಗುತ್ತದೆ.

ಮಲ್ಟಿಮೀಟರ್ ಹೇಳುವುದು ಅರ್ಧ ಸತ್ಯ. ಎಸ್‌ಡಿಐ ಕೊನೆಯ ಕ್ಷಣದವರೆಗೆ ಅಚ್ಚುಕಟ್ಟಾದ ಚಿತ್ರ ತೋರಿಸಿ ಇದ್ದಕ್ಕಿದ್ದಂತೆ ಕಣ್ಮರೆಯಾಗುವ ಜಾತಿ. ಚಿತ್ರ ಬಂತು ಎಂದ ಮಾತ್ರಕ್ಕೆ ಕೇಬಲ್ ಪಾಸಾಗಲಿಲ್ಲ. 1080ಪಿ50 ಕಲರ್ ಬಾರ್ ಹಾಕಿ, ಅದೇ ಎಳೆಗೆ ಇನ್ನೂ 10 ಮೀಟರ್, ಮತ್ತೆ 10 ಮೀಟರ್ ಸೇರಿಸುತ್ತಾ ಹೋಗಿ. ಚುಕ್ಕಿ ಮಿಂಚುವ ಹೊತ್ತಿಗೆ ಎಷ್ಟು ಸೇರಿಸಿದ್ದೀರೋ ಅದೇ ನಿಮಗಿರುವ ಸುರಕ್ಷತೆಯ ಮಾರ್ಜಿನ್. 20 ಮೀಟರ್‌ಗಿಂತ ಮೊದಲೇ ಮಿಂಚಿದರೆ ಮೊದಲ ಅನುಮಾನ ಕನೆಕ್ಟರ್ ಮೇಲೆ. ಎರಡನೆಯದು ಜಿಪ್ ಟೈ ಮೇಲೆ. ಬಿಗಿದು ಕಟ್ಟಿದ ಕಡೆ ಒಳಗಿನ ಫೋಮ್ ಅಮುಕಿ ಕೇಬಲ್‌ನ 75 ಓಮ್ ಇಂಪೀಡೆನ್ಸ್ ಕೆಡುತ್ತದೆ. ವೆಲ್‌ಕ್ರೋ ಬಳಸಿ, ಬಾಗಿಸುವಾಗ 7 ಸೆಂ.ಮೀ.ಗಿಂತ ಕಡಿಮೆ ತ್ರಿಜ್ಯ ಬೇಡ.

ಸ್ವಿಚರ್‌ನ ಔದಾರ್ಯ ಇಲ್ಲಿ ಸ್ವಲ್ಪ ಅಡ್ಡಿಯಾಗುತ್ತದೆ. ಪ್ರತಿ ಇನ್‌ಪುಟ್ ಅನ್ನೂ ತಾನೇ ಸಿಂಕ್ ಮಾಡಿಕೊಳ್ಳುವುದರಿಂದ ಜೆನ್‌ಲಾಕ್ (ಎಲ್ಲ ಕ್ಯಾಮೆರಾಗಳನ್ನೂ ಒಂದೇ ರೆಫರೆನ್ಸ್‌ಗೆ ಕಟ್ಟುವುದು) ಬೇಡವೇ ಬೇಡ ಎನಿಸುತ್ತದೆ. ಲಾಕ್ ಇಲ್ಲದ ಕ್ಯಾಮೆರಾದ ವಿಳಂಬ ಒಂದು ಫ್ರೇಮ್‌ನೊಳಗೆ ಜಾರುತ್ತಾ ಹೋಗಿ ಆಗಾಗ ಒಂದು ಫ್ರೇಮ್ ಬಿಡುತ್ತದೆ ಇಲ್ಲವೇ ಎರಡು ಸಲ ತೋರಿಸುತ್ತದೆ. ಕುಳಿತು ಪಾಠ ಮಾಡುವವರಲ್ಲಿ ಇದು ಕಾಣಿಸದು, ಭರತನಾಟ್ಯದ ರೆಕಾರ್ಡಿಂಗ್‌ನಲ್ಲಿ ಕಾಣುತ್ತದೆ. ಕ್ಯಾಮೆರಾಗೆ ರೆಫರೆನ್ಸ್ ಇನ್‌ಪುಟ್ ಇದ್ದರೆ ಒಂದು ಸಣ್ಣ ಸಿಂಕ್ ಜನರೇಟರ್ ಇಟ್ಟು ಸ್ವಿಚರ್‌ಗೂ ಕ್ಯಾಮೆರಾಗೂ ಕೊಡಿ.

ಧ್ವನಿಗೂ ಇದೇ ಲೆಕ್ಕ. ಆಡಿಯೋ ಮಿಕ್ಸರ್‌ನಿಂದ ಬರುವ ಧ್ವನಿ ತಡವಿಲ್ಲದೆ ಮುಟ್ಟುತ್ತದೆ, ಚಿತ್ರ ಕ್ಯಾಮೆರಾ ಒಳಗೂ ಸ್ವಿಚರ್ ಒಳಗೂ ತಡವಾಗುತ್ತದೆ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, 50ರಲ್ಲಿ 20. ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಫ್ರೇಮ್ ಎಣಿಸಿ, ಸ್ವಿಚರ್‌ನ ಅನಲಾಗ್ ಇನ್‌ಪುಟ್ ಡಿಲೇಯಲ್ಲಿ ಅಷ್ಟನ್ನು ತುಂಬಿ.

ಲ್ಯಾಪ್‌ಟಾಪ್ ಪ್ರತಿಯೊಂದಕ್ಕೂ ಎಚ್‌ಡಿಎಂಐನಿಂದ ಎಸ್‌ಡಿಐಗೆ ಕನ್ವರ್ಟರ್ ಬೇಕು. ಲ್ಯಾಪ್‌ಟಾಪ್ ಅನ್ನು 1080ಪಿ, 50 ಹರ್ಟ್ಸ್‌ಗೆ ಇಡಿ. 60ರಲ್ಲೇ ಬಿಟ್ಟು ಹೊಂದಾಣಿಕೆಯ ಭಾರವನ್ನು ಮುಂದಿನ ಯಂತ್ರದ ಮೇಲೆ ಹೊರಿಸಬೇಡಿ. ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆ ಇರುವ ವಿಡಿಯೋ ಹಾಕಿದರೆ ಕಪ್ಪು ಪರದೆ ಬರುತ್ತದೆ, ಅದು ವೈರಿಂಗ್ ದೋಷವಲ್ಲ. ಹಳೆಯ ಮಾನಿಟರ್ ಅಥವಾ ರೆಕಾರ್ಡರ್ 1080ಐನಲ್ಲಿ ಚಿತ್ರ ತೋರಿಸಿ 1080ಪಿ50ರಲ್ಲಿ ಮಾತ್ರ ಮುನಿಸಿಕೊಂಡರೆ ಕೇಬಲ್ ಬದಲಿಸುವ ಮೊದಲು ಸೆಟ್ಟಿಂಗ್‌ನಲ್ಲಿ 3ಜಿ ಲೆವೆಲ್ ಎ, ಲೆವೆಲ್ ಬಿ (3ಜಿ-ಎಸ್‌ಡಿಐ ಕಳಿಸುವ ಎರಡು ವಿಧಾನ) ಬದಲಿಸಿ ನೋಡಿ.

ಸಿಬ್ಬಂದಿ ಪರಸ್ಪರ ಮಾತಾಡುವ ಟಾಕ್‌ಬ್ಯಾಕ್‌ನಲ್ಲಿ ಒಂದು ಅಪಾಯವಿದೆ. ಹಳೆಯ ಕ್ಲಿಯರ್-ಕಾಮ್ ಮಾದರಿಯ ಪಾರ್ಟಿಲೈನ್ ಓಡುವುದು ಮೈಕ್‌ನದೇ ಮೂರು ಪಿನ್ ಎಕ್ಸ್‌ಎಲ್‌ಆರ್‌ನಲ್ಲಿ, ಆದರೆ ಅದರ 2ನೇ ಪಿನ್‌ನಲ್ಲಿ 30 ವೋಲ್ಟ್ ಡಿಸಿ ಇರುತ್ತದೆ. ಗೋಡೆಯ ಫಲಕದಲ್ಲಿ ಮೈಕ್ ಪಕ್ಕದಲ್ಲೇ ಅದೂ ಇದ್ದರೆ ಬೇರೆ ಬಣ್ಣದ ಉಂಗುರ ಹಾಕಿ. ಅದನ್ನು ಸ್ವಿಚರ್‌ನ ಟಾಕ್‌ಬ್ಯಾಕ್‌ಗೆ ನೇರವಾಗಿ ಕೊಡಲು ಬಾರದು, ನಡುವೆ ಹೋಗುವ ಮಾತು, ಬರುವ ಮಾತು ಎರಡನ್ನೂ ಬೇರ್ಪಡಿಸುವ ಟೂ-ವೈರ್ ಫೋರ್-ವೈರ್ ಪರಿವರ್ತಕ ಬೇಕು.

ಅರ್ತಿಂಗ್ ನೋಡದೆ ರ‍್ಯಾಕ್ ಆನ್ ಮಾಡಬೇಡಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ 2 ವೋಲ್ಟ್‌ಗಿಂತ ಹೆಚ್ಚಿದ್ದರೆ ಮೊದಲು ಎಲೆಕ್ಟ್ರಿಷಿಯನ್. ಕಂಟ್ರೋಲ್ ರೂಮ್, ಕ್ಯಾಮೆರಾ ಪಾಯಿಂಟ್, ಮಾನಿಟರ್ ಎಲ್ಲಕ್ಕೂ ಒಂದೇ ಆನ್‌ಲೈನ್ ಯುಪಿಎಸ್‌ನಿಂದ ಕರೆಂಟ್ ಬರಲಿ, ಲೈಟ್‌ಗಳ ಡಿಮ್ಮರ್ ಬೇರೆ ಫೇಸ್‌ನಲ್ಲಿರಲಿ. ಸಭಾಂಗಣ ಬೇರೆ ಕಟ್ಟಡದಲ್ಲಿದ್ದರೆ ತಾಮ್ರದ ಕೇಬಲ್ ಎಳೆಯಲೇಬೇಡಿ. ಎರಡು ಕಟ್ಟಡದ ಅರ್ತ್ ವ್ಯತ್ಯಾಸ ಎಸ್‌ಡಿಐ ಹೆಣಿಗೆಯಲ್ಲಿ ಹರಿದು ಇನ್‌ಪುಟ್ ಚಿಪ್ ಸುಡುತ್ತದೆ. ಬಿಎನ್‌ಸಿ ಹಿಡಿದ ಬೆರಳು ಜುಮ್ಮೆಂದರೆ ಅದು ಮುನ್ಸೂಚನೆ. ಅಲ್ಲಿಗೆ ಸಿಂಗಲ್ ಮೋಡ್ ಫೈಬರ್ ಒಂದೇ ದಾರಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸರ್ಕ್ಯೂಟ್ ಕಡಿಯುವ ಸ್ವಿಚ್) ಸುಮ್ಮಸುಮ್ಮನೆ ಟ್ರಿಪ್ ಆಗುವುದು ಇನ್ನೊಂದು ತಲೆನೋವು. ಯಂತ್ರದೊಳಗಿನ ಒಂದೊಂದು ಎಸ್‌ಎಂಪಿಎಸ್ ಪವರ್ ಸಪ್ಲೈ ಸೋರಿಸುವುದು ಒಂದು ಮಿಲಿಆಂಪ್‌ನ ಆಸುಪಾಸು, ಇಪ್ಪತ್ತೈದು ಪೆಟ್ಟಿಗೆ ಒಂದೇ 30 ಮಿಲಿಆಂಪ್ ಆರ್‌ಸಿಸಿಬಿಯ ಮೇಲೆ ಬಿದ್ದರೆ ಅದರ ತಪ್ಪೇನಿದೆ? ರ‍್ಯಾಕ್ ಅನ್ನು ಎರಡು ಮೂರು ಸರ್ಕ್ಯೂಟ್‌ಗೆ ಹಂಚಿ. ಟ್ರೆಂಚ್‌ನ ಬಾಯಿಗಳನ್ನು ಉಕ್ಕಿನ ನಾರು ತುಂಬಿ ಮುಚ್ಚಿ. ಹೆಗ್ಗಣಕ್ಕೆ ಬೆಲ್ಡನ್ ಯಾವುದು, ಡಿಟಿಎಚ್ ಯಾವುದು ಎಂಬ ಭೇದವಿಲ್ಲ.

ನೆಟ್‌ವರ್ಕ್: ಸ್ವಿಚರ್ ಕಾರ್ಖಾನೆಯಿಂದ ಬರುವಾಗ ಅದರ ವಿಳಾಸ 192.168.10.240. ಕಾಲೇಜಿನ ಲ್ಯಾನ್‌ಗೆ ಸಿಕ್ಕಿಸದೆ ಬೇರೆಯದೇ ಈಥರ್ನೆಟ್ ಸ್ವಿಚ್ ಕೊಡಿ. ಹಾಸ್ಟೆಲ್ ವೈಫೈ ಇರುವ ಜಾಲದಲ್ಲೇ ಪ್ರೋಗ್ರಾಂ ಕಟ್ ಬಟನ್ ಇರುವುದು ಸರಿಯಲ್ಲ.

ಬಟನ್ ಪ್ಯಾನೆಲ್ ಬೇಕೇ? ಹತ್ತು ಬಟನ್‌ನ 1 ಎಂ/ಇ ಅಡ್ವಾನ್ಸ್‌ಡ್ ಪ್ಯಾನೆಲ್ ಸ್ವಿಚರ್‌ಗಿಂತಲೂ ದುಬಾರಿ. ಬರೀ ಪಾಠದ ರೆಕಾರ್ಡಿಂಗ್ ಆದರೆ ಉಚಿತ ಎಟಿಇಎಂ ಸಾಫ್ಟ್‌ವೇರ್ ಕಂಟ್ರೋಲ್ ಸಾಕು. ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಪ್ರೊಡಕ್ಷನ್ ಕಲಿಸುವುದಾದರೆ ಪ್ಯಾನೆಲ್ ಬೇಕೇ ಬೇಕು, ಮೌಸ್ ಹಿಡಿದು ಕಟ್ ಕಲಿತ ಕೈ ಚಾನೆಲ್‌ನ ಕನ್ಸೋಲ್ ಮುಂದೆ ತಡವರಿಸುತ್ತದೆ. ಎಂಟೇ ಇನ್‌ಪುಟ್ ಸಾಕು ಎನ್ನುವ ಸಣ್ಣ ಕಾಲೇಜುಗಳು ಪ್ಯಾನೆಲ್ ಒಳಗೇ ಇರುವ ಟೆಲಿವಿಷನ್ ಸ್ಟುಡಿಯೋ ಎಚ್‌ಡಿ8 ನೋಡಬಹುದು. ಅದು ಕೆಟ್ಟರೆ ಬಟನ್ನೂ ಸ್ವಿಚರ್ರೂ ಒಟ್ಟಿಗೇ ರಿಪೇರಿಗೆ ಹೋಗುತ್ತವೆ, ಕೇಬಲ್‌ಗಳೆಲ್ಲ ಮೇಜಿನ ಮೇಲೆ ಬಂದು ಕೂರುತ್ತವೆ. ಕಾನ್‌ಸ್ಟಲೇಶನ್‌ನ ಒಳ್ಳೆಯತನ ಇರುವುದೇ ರ‍್ಯಾಕ್ ಹಿಂದೆ ಅಡಗಿ ಕೂರುವುದರಲ್ಲಿ.

ಎಲ್ಲ ಮುಗಿದ ಮೇಲೆ ಸಾಫ್ಟ್‌ವೇರ್‌ನ ಫೈಲ್ ಮೆನುವಿನಲ್ಲಿ ‘ಸೇವ್ ಸ್ಟಾರ್ಟ್‌ಅಪ್ ಸ್ಟೇಟ್’ ಒತ್ತಿ. ಒತ್ತದಿದ್ದರೆ ಯುಪಿಎಸ್ ಬ್ಯಾಟರಿ ಕೈಕೊಟ್ಟ ದಿನ ಕೀಯರ್, ಔಟ್‌ಪುಟ್ ಹಂಚಿಕೆ, ಆಡಿಯೋ ಡಿಲೇ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕಾಗುತ್ತದೆ. ಅದೇ ಸೆಟ್ಟಿಂಗ್ ಅನ್ನು ಪೆನ್‌ಡ್ರೈವ್‌ಗೂ ಹಾಕಿ, ಕೇಬಲ್ ಸಂಖ್ಯೆಗಳ ಪಟ್ಟಿಯ ಜತೆ ರ‍್ಯಾಕ್ ಬಾಗಿಲಿನ ಒಳಬದಿಗೆ ಅಂಟಿಸಿಡಿ.