ದೀಪ ಮಂಕಾಗಿದೆ ಅಂತ ಹಳೇ ಕೋರಸ್ ಪೆಡಲ್‌ನ ಚಿಪ್ ಕೀಳಿಸಬೇಡಿ

ಒಂದು ಗಿಟಾರ್ ಸದ್ದನ್ನು ಹಲವು ಗಿಟಾರ್ ಸೇರಿ ನುಡಿಸಿದಂತೆ ಮಾಡುವ, ಕಾಲಿನಿಂದ ಒತ್ತುವ ಡಬ್ಬಿಯೇ ಕೋರಸ್ ಪೆಡಲ್. ಸೆಕೆಂಡ್‌ಹ್ಯಾಂಡ್ ಕೋರಸ್ ಪೆಡಲ್ ಕೊಳ್ಳಲು ಹೊರಟವರು, ಮನೆಯಲ್ಲಿ ಹಳೆಯದೊಂದು ಇಟ್ಟುಕೊಂಡವರು ಇದನ್ನು ಓದಿಕೊಳ್ಳಿ. ಯಾವ ದೋಷವೂ ಇಲ್ಲದ ಒಂದು ಬಾಸ್ (Boss) ಕಂಪನಿಯ ಸಿಇ-2 ಪೆಡಲ್ ಮೂರು ಜನರ ಕೈ ದಾಟುವಷ್ಟರಲ್ಲಿ ಹಾಳಾಯಿತು. ಮೂವರಲ್ಲಿ ಯಾರೂ ಮೋಸ ಮಾಡಿದವರಲ್ಲ, ಅದೇ ಬೇಸರ.

ಮಾರುವವರ ಮನೆಯಲ್ಲಿ ಅದು ನಾಲ್ಕೈದು ಪೆಡಲ್‌ಗಳ ಬೋರ್ಡಿನ ಮೇಲಿತ್ತು. ಒಂದೇ 9 ವೋಲ್ಟ್ ಅಡಾಪ್ಟರ್, ಅದರಿಂದ ಎಲ್ಲ ಪೆಡಲ್‌ಗೂ ಕವಲೊಡೆದ ವೈರ್. ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು, ಸದ್ದು ಸೊಗಸಾಗಿತ್ತು, ದುಡ್ಡು ಕೈ ಬದಲಾಯಿತು. ಮನೆಗೆ ತಂದು, ಹೊಸದಾಗಿ ಕೊಂಡ ಒಳ್ಳೆಯ 9 ವೋಲ್ಟ್ ರೆಗ್ಯುಲೇಟೆಡ್ (ಹೊರೆ ಬದಲಾದರೂ ವೋಲ್ಟೇಜ್ ಬದಲಾಗದ) ಅಡಾಪ್ಟರ್‌ಗೆ ಅದೊಂದನ್ನೇ ಹಾಕಿದರೆ ದೀಪ ಮಿಣುಕು ಹುಳದಷ್ಟು. ಕೋರಸ್ ಇದ್ದೂ ಇಲ್ಲದ ಹಾಗೆ, ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದರೆ ಸದ್ದು ಒಡೆಯುತ್ತದೆ. ಫೋನ್ ಮಾಡಿದರೆ, "ಇಲ್ಲಿ ಸರಿಯಾಗೇ ಇತ್ತಲ್ಲ ಗುರು, ನೀವೇ ಕೇಳಿದ್ರಲ್ಲ" ಎಂಬ ಉತ್ತರ. ರಿಪೇರಿ ಅಂಗಡಿಗೆ ಕೊಟ್ಟರೆ, "ಐಸಿ ವೀಕ್ ಆಗಿದೆ ಸರ್, ಹೊಸದು ಹಾಕ್ತೀನಿ." ಸದ್ದನ್ನು ತಡಮಾಡಿ ಕೋರಸ್ ಹುಟ್ಟಿಸುವ ಎಂಎನ್3007 ಎಂಬ ಚಿಪ್ ಕಿತ್ತು ಎಂಎನ್3207 ಕೂರಿಸಿದರು. ಈಗ ಗಿಟಾರ್ ಸದ್ದು ನೇರವಾಗಿ ಬರುತ್ತದೆ, ಕೋರಸ್ ಪೂರ್ತಿ ಮಾಯ, ಚಿಪ್ ಮೇಲೆ ಬೆರಳಿಟ್ಟರೆ ಸುಡುತ್ತದೆ. ಕಿತ್ತ ಚಿಪ್ ಆಗಲೇ ಕಸದ ಬುಟ್ಟಿ ಸೇರಿತ್ತು.

ಚಿಪ್ ಕೀಳುವ ಮುಂಚೆ ಪೆಡಲ್‌ಗೆ ಆಗಿದ್ದೇನು? ಏನೂ ಇಲ್ಲ. ಅಡಾಪ್ಟರ್ ತೂತಿನ ಹತ್ತಿರ ಸಣ್ಣಕ್ಷರದಲ್ಲಿ 'ಎಸಿಎ' ಎಂದು ಬರೆದಿತ್ತು, ಯಾರೂ ಓದಲಿಲ್ಲ ಅಷ್ಟೆ.

ಸಿಇ-2 ಬಂದದ್ದು 1979ರಲ್ಲಿ. ಆ ಕಾಲದ ಬಾಸ್ ಪೆಡಲ್‌ಗಳಿಗೆಂದಿದ್ದ ಎಸಿಎ ಅಡಾಪ್ಟರ್ ರೆಗ್ಯುಲೇಟೆಡ್ ಅಲ್ಲ. ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಕೋರಸ್‌ನಂಥ ಸಣ್ಣ ಹೊರೆಗೆ ಅದು ಕೊಡುವುದು 12 ವೋಲ್ಟ್ ಆಸುಪಾಸು. ಆ ಹೆಚ್ಚುವರಿ ಮೂರು ವೋಲ್ಟ್ ತಿಂದುಹಾಕಲೆಂದೇ ಪೆಡಲ್ ಒಳಗೆ ಒಂದು ರೆಸಿಸ್ಟರ್, ಒಂದು ಡಯೋಡ್ ಇಟ್ಟಿದ್ದಾರೆ. ಮುಂದೆ ಬಂದ ಪಿಎಸ್‌ಎ ಅಡಾಪ್ಟರ್ ರೆಗ್ಯುಲೇಟೆಡ್, ಏರುಪೇರಿಲ್ಲದೆ 9 ವೋಲ್ಟ್ ಆಸುಪಾಸಿನಲ್ಲೇ ಕೊಡುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಪೆಡಲ್ ಅಡಾಪ್ಟರ್‌ಗಳೆಲ್ಲ ಹೆಚ್ಚುಕಡಿಮೆ ಈ ಜಾತಿಯವೇ. ಅದನ್ನು ಎಸಿಎ ಪೆಡಲ್‌ಗೆ ಚುಚ್ಚಿದರೆ ಒಳಗಿನ ರೆಸಿಸ್ಟರ್ ತನ್ನ ಪಾಲು ತಿಂದು ಉಳಿದದ್ದನ್ನು ಮುಂದೆ ಬಿಡುತ್ತದೆ. ಸರ್ಕ್ಯೂಟ್ ಅರೆಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ.

ಹಾಗಾದರೆ ಮಾರುವವರ ಮನೆಯಲ್ಲಿ ಹೇಗೆ ಉರಿಯಿತು? ಆ ರೆಸಿಸ್ಟರ್, ಡಯೋಡ್ ಇರುವುದು ಅಡಾಪ್ಟರ್‌ನ ಮೈನಸ್ ದಾರಿಯಲ್ಲಿ, ಸರ್ಕ್ಯೂಟ್‌ನ ಗ್ರೌಂಡ್‌ಗೂ ಅಡಾಪ್ಟರ್‌ಗೂ ನಡುವೆ. ಅದೇ ಕವಲು ವೈರ್‌ನಲ್ಲಿ ಹೊಸ ಕಾಲದ ಪೆಡಲ್ ಒಂದಿದ್ದರೆ ಸಾಕು. ಅದರ ಗ್ರೌಂಡ್ ನೇರವಾಗಿ ಅಡಾಪ್ಟರ್‌ನ ಮೈನಸ್‌ಗೆ ಸೇರಿರುತ್ತದೆ. ಎರಡೂ ಪೆಡಲ್ ನಡುವಿನ ಪ್ಯಾಚ್ ಕೇಬಲ್‌ನ ಹೊರಕವಚ ಆ ಗ್ರೌಂಡನ್ನು ಹಳೇ ಪೆಡಲ್‌ಗೂ ತಲುಪಿಸುತ್ತದೆ. ಕರೆಂಟ್ ರೆಸಿಸ್ಟರ್ ಬಿಟ್ಟು ಕೇಬಲ್ ಹಿಡಿದು ಹೋಗುತ್ತದೆ, ಪೆಡಲ್‌ಗೆ ಪೂರ್ತಿ 9 ವೋಲ್ಟ್ ಸಿಗುತ್ತದೆ. ಬ್ಯಾಟರಿ ಹಾಕಿದಾಗಲೂ ಅಷ್ಟೇ, ಅದರ ದಾರಿಯಲ್ಲಿ ಆ ರೆಸಿಸ್ಟರ್ ಇಲ್ಲ. ಎಸಿಎ ಪೆಡಲ್ ಗುರುತಿಸಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ಹೊಸ ಬ್ಯಾಟರಿಯಲ್ಲಿ ದೀಪ ಪ್ರಕಾಶಮಾನ, ಒಂಟಿ 9 ವೋಲ್ಟ್ ಅಡಾಪ್ಟರ್‌ನಲ್ಲಿ ಮಂಕು ಎಂದಾದರೆ ಪೆಡಲ್ ಗಟ್ಟಿಮುಟ್ಟಾಗಿದೆ. ರಿಪೇರಿಯವರ ಹತ್ತಿರ ಹೋಗುವ ಮುಂಚೆ ಒಂದು ಬ್ಯಾಟರಿ ಹಾಕಿ ನೋಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಇಂಥ ಪೆಡಲ್‌ಗೆ ಬ್ಯಾಟರಿ ಹಾಕಿ ಬಳಸಬಹುದು, ಹೊಸ ಪೆಡಲ್ ಜೊತೆ ಕವಲು ವೈರ್‌ನಲ್ಲಿ ಸೇರಿಸಬಹುದು, ಅಥವಾ 12 ವೋಲ್ಟ್ ಡಿಸಿ ಅಡಾಪ್ಟರ್ ತರಬಹುದು. ಮೂರನೆಯದರಲ್ಲೇ ಎಡವುವುದು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ 12 ವೋಲ್ಟ್ ಅಡಾಪ್ಟರ್ ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ವೈಫೈ ರೌಟರ್‌ದು, ಇಲ್ಲವೇ ಸಿಸಿಟಿವಿ ಕ್ಯಾಮೆರಾದ್ದು. ಅವುಗಳ ಪಿನ್ನಿನ ಒಳಭಾಗ ಪ್ಲಸ್. ಗಿಟಾರ್ ಪೆಡಲ್‌ಗೆ ಒಳಭಾಗ ಮೈನಸ್ ಆಗಿರಬೇಕು. ಯಮಹಾ ಕೀಬೋರ್ಡಿನ 12 ವೋಲ್ಟ್ ಅಡಾಪ್ಟರ್ ಕೂಡ ಒಳಗೆ ಪ್ಲಸ್, ಪಿನ್ ಮಾತ್ರ ಪೆಡಲ್‌ಗೆ ಹೊಂದುವ ಹಾಗೇ ಕಾಣುತ್ತದೆ. ಲೇಬಲ್ ನಂಬಬೇಡಿ. ಮಲ್ಟಿಮೀಟರ್ ಅನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಮೊನೆ ಪಿನ್ನಿನ ತೂತಿನೊಳಗೆ, ಕಪ್ಪು ಮೊನೆ ಹೊರಮೈಗೆ ಹಿಡಿಯಿರಿ. ಅಂಕಿಯ ಎಡಕ್ಕೆ ಮೈನಸ್ ಗುರುತು ಬಂದರೆ ಮಾತ್ರ ಪೆಡಲ್‌ಗೆ ಹಾಕಿ. ಆ 12 ವೋಲ್ಟ್ ಅಡಾಪ್ಟರ್‌ಗೆ ಕವಲು ವೈರ್ ಸಿಕ್ಕಿಸಿ ಬೇರೆ 9 ವೋಲ್ಟ್ ಪೆಡಲ್‌ಗಳಿಗೂ ಹಂಚಬೇಡಿ. ಹಂಚಿದರೆ ಅವಕ್ಕೂ 12, ಮೇಲೆ ಹೇಳಿದ ಗ್ರೌಂಡ್ ದಾರಿಯಿಂದ ಹಳೇ ಪೆಡಲ್‌ನ ಒಳಗೂ ಪೂರ್ತಿ 12.

ಇನ್ನೊಂದು ಸೂಕ್ಷ್ಮ. ಕೆಲವರು ಆ ರೆಸಿಸ್ಟರ್, ಡಯೋಡ್ ದಾಟಿಸಿ ವೈರ್ ಹಾಕಿಸಿ ಪೆಡಲನ್ನು 9 ವೋಲ್ಟ್‌ಗೆ ಬದಲಾಯಿಸಿರುತ್ತಾರೆ. ಹೊರಗಿನ ಎಸಿಎ ಅಕ್ಷರ ಹಾಗೇ ಉಳಿದಿರುತ್ತದೆ. ಹಾಗಾಗಿ ಲೇಬಲ್ ಓದಿ 12 ವೋಲ್ಟ್ ಚುಚ್ಚುವ ಮೊದಲು 9 ವೋಲ್ಟ್‌ನಲ್ಲಿ ಒಂಟಿಯಾಗಿ ನೋಡಿ. ಪ್ರಕಾಶಮಾನವಾಗಿ ಉರಿದರೆ 9ರಲ್ಲೇ ಬಿಡಿ.

ಈಗ ಚಿಪ್ ವಿಷಯ. ಮನೆಗೆ ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ಸಾಗುತ್ತದಲ್ಲ, ಎಂಎನ್3007 ಒಳಗೆ ನಡೆಯುವುದೂ ಅದೇ. ಸಾಲಿನಲ್ಲಿ 1024 ಕೈಗಳು, ಒಂದೊಂದರಲ್ಲೂ ಒಂದು ಚಿಟಿಕೆ ಚಾರ್ಜ್. "ದಾಟಿಸು, ದಾಟಿಸು" ಎಂದು ತಾಳ ಹಾಕುವುದು ಪಕ್ಕದ ಎಂಎನ್3101 ಕ್ಲಾಕ್ ಚಿಪ್. ಸದ್ದು ಎಷ್ಟು ತಡವಾಗುತ್ತದೆ ಎಂಬ ಲೆಕ್ಕಕ್ಕೆ 1024 ಅನ್ನು ಕ್ಲಾಕ್‌ನ ಎರಡರಷ್ಟರಿಂದ ಭಾಗಿಸಬೇಕು. 100 ಕಿಲೋಹರ್ಟ್ಸ್‌ಗೆ 5.12 ಮಿಲಿಸೆಕೆಂಡ್, 50ಕ್ಕೆ 10.24. ತಾಳ ನಿಧಾನವಾಗಿ ಏರಿಳಿದರೆ ತಡವಾದ ಸದ್ದಿನ ಶ್ರುತಿ ಅಲುಗುತ್ತದೆ. ಅದನ್ನು ಮೂಲ ಸದ್ದಿನ ಜೊತೆ ಬೆರೆಸಿದರೆ ಕೋರಸ್.

ಎಂಎನ್3207 ಕೂಡ 1024 ಹಂತದ್ದು, ಎಂಟು ಕಾಲು, ಕಾಲುಗಳ ಹೆಸರೂ ಅದೇ ಕ್ರಮದಲ್ಲಿವೆ. ಮೋಸ ಹೋಗುವುದು ಇಲ್ಲೇ. 3207 ಕಡಿಮೆ ವೋಲ್ಟೇಜ್‌ನದು, ಅದಕ್ಕೆ ಪವರ್ ತಿರುವುಮುರುವು. 3007 ಇರುವ 9 ವೋಲ್ಟ್ ಪೆಡಲ್‌ನಲ್ಲಿ 1ನೇ ಕಾಲಿಗೆ ಪ್ಲಸ್, 5ನೇ ಕಾಲಿಗೆ ಗ್ರೌಂಡ್ ಇರುತ್ತದೆ. 3207ಕ್ಕೆ 1 ಗ್ರೌಂಡ್, 5 ಪ್ಲಸ್. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಬ್ಯಾಟರಿ ಉಲ್ಟಾ ಹಾಕಿದಂತೆ. ಚಿಪ್ ಬಿಸಿಯಾಗುತ್ತದೆ, ಜೊತೆಗೆ ಎಂಎನ್3101 ಕೂಡ ಹೋಗುವ ಅಪಾಯವಿದೆ. 3207ರ ಸರಿಯಾದ ಜೋಡಿ ಎಂಎನ್3102. "ಎರಡೂ ಒಂದೇ ಸರ್, ನಂಬರ್ ಸ್ವಲ್ಪ ಬೇರೆ" ಎಂದರೆ ಪೆಡಲ್ ವಾಪಸ್ ತೆಗೆದುಕೊಂಡು ಬಂದುಬಿಡಿ.

ನಿಜವಾಗಿಯೂ ಚಿಪ್ ಸತ್ತಿದ್ದರೂ ಗೋಳೇ. ಮತ್ಸುಶಿತ 3007 ತಯಾರಿಕೆ ನಿಲ್ಲಿಸಿ ಕಾಲವಾಗಿದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ, ಹೊಚ್ಚಹೊಸದಾಗಿ ಹೊಳೆಯುವ 3007 ಕಂಡರೆ ಬೇರೆ ಯಾವುದೋ ಚಿಪ್‌ನ ಬೆನ್ನು ಉಜ್ಜಿ ನಂಬರ್ ಒತ್ತಿರಬಹುದು ಎಂದೇ ಅನುಮಾನಿಸಿ. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದಾಗ ಅಕ್ಷರದ ಜೊತೆ ಕಪ್ಪು ಬಣ್ಣವೂ ಬಂದರೆ ನಕಲಿ. ಬರದಿದ್ದರೂ ಅಸಲಿ ಎಂಬ ಖಾತ್ರಿ ಇಲ್ಲ. ಬೋರ್ಡ್‌ಗೆ ಎಂಟು ಕಾಲಿನ ಸಾಕೆಟ್ ಹಾಕಿಸಿ, ಅದರಲ್ಲಿ ಕೂರಿಸಿ ಕೇಳುವುದೊಂದೇ ಪರೀಕ್ಷೆ. ಚಿಪ್ ಬದಲಾದರೆ ಬಯಾಸ್ ಟ್ರಿಮ್‌ಪಾಟ್ (ಚಿಪ್‌ಗೆ ಸದ್ದು ಒಳಹೋಗುವ ಕಾಲಿನ ವೋಲ್ಟೇಜ್ ಹೊಂದಿಸುವ, ಬೋರ್ಡ್ ಮೇಲಿನ ಪುಟ್ಟ ತಿರುಪು) ಮತ್ತೆ ಹೊಂದಿಸಬೇಕು. 3ನೇ ಕಾಲಿನ ಡಿಸಿ ವೋಲ್ಟೇಜ್ ಸಪ್ಲೈನ ಅರ್ಧದ ಹತ್ತಿರದಿಂದ ಶುರುಮಾಡಿ, ಜೋರಾಗಿ ಮೀಟಿದಾಗ ಒಡಕು ಅತಿ ಕಡಿಮೆ ಇರುವ ಜಾಗಕ್ಕೆ ತನ್ನಿ. ತಿರುಗಿಸುವ ಮುಂಚೆ ಹಳೇ ಸ್ಥಾನಕ್ಕೆ ಮಾರ್ಕರ್‌ನಿಂದ ಒಂದು ಗೀಟು ಹಾಕಿ. ಕೈಗೆ ಸಿಕ್ಕ ಟ್ರಿಮ್‌ಪಾಟ್‌ಗಳನ್ನೆಲ್ಲ ತಿರುಗಿಸಿ, ಆಮೇಲೆ ಯಾವುದು ಎಲ್ಲಿತ್ತು ಎಂದು ಗೊತ್ತಾಗದೆ ಮೂಲೆ ಸೇರಿದ ಪೆಡಲ್‌ಗಳು ಚಿಪ್ ಸತ್ತ ಪೆಡಲ್‌ಗಳಿಗಿಂತ ಜಾಸ್ತಿ ಇದ್ದಾವು.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಹೊಸ ಆಲ್ಕಲೈನ್ 9 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್, ಸ್ಕ್ರೂಡ್ರೈವರ್ ಇರಲಿ. ಪೆಡಲನ್ನು ಬೋರ್ಡಿನಿಂದ ಕಳಚಿಸಿ ಒಂಟಿಯಾಗಿ ಕೇಳಿ. ಡೆಪ್ತ್ (ಸದ್ದು ಎಷ್ಟು ಅಲುಗಬೇಕು ಎಂಬ ಗುಂಡಿ) ಪೂರ್ತಿ, ರೇಟ್ (ಎಷ್ಟು ಬೇಗ ಅಲುಗಬೇಕು ಎಂಬ ಗುಂಡಿ) ಅತಿ ನಿಧಾನ ಇಟ್ಟು ಗಿಟಾರ್ ಸುಮ್ಮನಿರಿಸಿ. ಹಿನ್ನೆಲೆಯಲ್ಲಿ ಸಣ್ಣ ಸುಯ್‌ಗುಟ್ಟುವಿಕೆ ಇದ್ದರೆ ಸಹಜ. ಸೀಟಿಯಂಥ ಸದ್ದು ಏರಿಳಿದರೆ ಕ್ಲಾಕ್ ಚಿಪ್‌ನ ತಾಳ ಸದ್ದಿನೊಳಗೆ ಸೋರುತ್ತಿದೆ. ಆದರೆ ಒಂಟಿಯಾಗಿದ್ದಾಗ ಇಲ್ಲದ ಸೀಟಿ ಅನಲಾಗ್ ಡಿಲೇ (ಇಂಥದೇ ಚಿಪ್‌ನಿಂದ ಪ್ರತಿಧ್ವನಿ ಕೊಡುವ ಪೆಡಲ್) ಜೊತೆ ಒಂದೇ ಅಡಾಪ್ಟರ್‌ಗೆ ಹಾಕಿದಾಗ ಮಾತ್ರ ಬಂದರೆ ಪೆಡಲ್ ತಪ್ಪಲ್ಲ. ಎರಡು ಕ್ಲಾಕ್‌ಗಳ ವ್ಯತ್ಯಾಸ ಕಿವಿಗೆ ಕೇಳುವ ಮಟ್ಟಕ್ಕೆ ಇಳಿದಿದೆ, ಪ್ರತ್ಯೇಕ ಔಟ್‌ಪುಟ್‌ಗಳ ಪವರ್ ಸಪ್ಲೈ ಹಾಕಿದರೆ ಹೋಗುತ್ತದೆ. ಕೊನೆಗೆ ತಳದ ತಗಡು ಬಿಚ್ಚಿಸಿ. ಚಿಪ್‌ನ ನಂಬರ್ ಓದಿ, ಅದರ ಬೆಸುಗೆಯ ಬಣ್ಣ ಅಕ್ಕಪಕ್ಕದ ಬೆಸುಗೆಗಿಂತ ಬೇರೆಯಿದ್ದರೆ ಯಾರೋ ಕೈಹಾಕಿದ್ದಾರೆ. ಬಿಚ್ಚಲು ಬಿಡದವರ ಹತ್ತಿರ ಕೊಳ್ಳದಿರುವುದೇ ಮೇಲು.

ಬಾಸ್ ಗಿಟಾರ್ ನುಡಿಸುವವರಿಗೆ ಇನ್ನೊಂದು ಮಾತು. ಗಿಟಾರ್ ಕೋರಸ್‌ಗೆ ಬಾಸ್ ಹಾಕಿ "ಪೆಡಲ್ ಹಾಳಾಗಿದೆ, ತಳವೇ ಇಲ್ಲ" ಎಂದು ಅಂಗಡಿಗೆ ಓಡಬೇಡಿ. ತಡವಾದ ಸದ್ದು, ಮೂಲ ಸದ್ದು ಸಮಸಮ ಬೆರೆತಾಗ, ತಡವು ಯಾವ ಸ್ವರದ ಅರ್ಧ ಕಂಪನದ ಸಮಯಕ್ಕೆ ಸಮವೋ ಆ ಸ್ವರ ರದ್ದಾಗುತ್ತದೆ. ನಾಲ್ಕು ತಂತಿಯ ಬಾಸ್‌ನ ಇ ತಂತಿ 41.2 ಹರ್ಟ್ಸ್, ಅದು 12.1 ಮಿಲಿಸೆಕೆಂಡ್‌ಗೆ ಅಳಿಯುತ್ತದೆ. ಎ ತಂತಿ 9.1ಕ್ಕೆ, ಡಿ 6.8ಕ್ಕೆ, ಜಿ 5.1ಕ್ಕೆ. ಕೋರಸ್ ಓಡಾಡುವುದೇ ಈ ಬೀದಿಯಲ್ಲಿ! ಇ ತಂತಿಯನ್ನು ಖಾಲಿ ಮೀಟಿ ಐದು ಸೆಕೆಂಡ್ ಬಿಟ್ಟು ಕೇಳಿ, ತಳ ಉಸಿರಾಡಿದಂತೆ ಬಂದು ಹೋಗುತ್ತದೆ. ಅದಕ್ಕೆಂದೇ ಬಾಸ್ ಕಂಪನಿಯ ಸಿಇಬಿ-3ಯಂಥ ಬಾಸ್ ಗಿಟಾರ್ ಪೆಡಲ್‌ಗಳಲ್ಲಿ ಲೋ ಫಿಲ್ಟರ್ ಗುಂಡಿ ಕೊಟ್ಟಿರುವುದು, ಕೆಳಗಿನ ಸ್ವರಗಳನ್ನು ಕೋರಸ್‌ನಿಂದ ಹೊರಗಿಡಬಹುದು. ಅದಿಲ್ಲದಿದ್ದರೆ, ತಡವಾದ ಸದ್ದಿನ ಮಟ್ಟ ಹೊಂದಿಸುವ ಎಫೆಕ್ಟ್ ಲೆವೆಲ್ ಗುಂಡಿ ಇದ್ದಲ್ಲಿ ಅದನ್ನು ಇಳಿಸಿ. ಸಮಸಮ ಬೆರೆಯದಿದ್ದರೆ ರದ್ದಾಗುವುದೂ ಅರ್ಧಂಬರ್ಧ. 18 ವೋಲ್ಟ್ ಪ್ರಿಆಂಪ್ ಇರುವ ಬಾಸ್ ಆದರೆ ಅದರ ವಾಲ್ಯೂಮ್ ತಗ್ಗಿಸಿ, 9 ವೋಲ್ಟ್ ಪೆಡಲ್ ಅಷ್ಟು ಜೋರು ತಡೆಯುವುದಿಲ್ಲ.

ಡೆಪ್ತ್ ಮುಟ್ಟದೆ ರೇಟ್ ಒಂದನ್ನೇ ಏರಿಸಿದರೂ ಶ್ರುತಿ ಹೆಚ್ಚು ಅಲುಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ತಡ ಒಂದು ಮಿಲಿಸೆಕೆಂಡ್ ಅತ್ತ, ಒಂದು ಇತ್ತ, ಸೆಕೆಂಡಿಗೆ ಒಂದು ಸಲ ಹೊಯ್ದಾಡಿದರೆ ಶ್ರುತಿ ಹೆಚ್ಚೆಂದರೆ 11 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಸರಿಯುತ್ತದೆ. ಎರಡು ಸಾಲು ರೀಡ್ ಇರುವ ಭಜನೆ ಹಾರ್ಮೋನಿಯಂನಲ್ಲಿ ರೀಡ್‌ಗಳು ಕೂದಲೆಳೆಯಷ್ಟು ತಪ್ಪಿದ್ದಾಗ ಬರುವ ಹಿತವಾದ ಅಲೆಯಂತೆ. ಅದೇ ಡೆಪ್ತ್‌ನಲ್ಲಿ ಸೆಕೆಂಡಿಗೆ ಮೂರು ಸಲ ಮಾಡಿದರೆ 32 ಸೆಂಟ್, ಅರ್ಧಸ್ವರದ ಮೂರನೇ ಒಂದು ಭಾಗ. ಗಾಯಕರು ತಿರುಗಿ ನೋಡುತ್ತಾರೆ. ಬಹುಪಾಲು ಅನಲಾಗ್ ಪೆಡಲ್‌ಗಳು ಹೀಗೆಯೇ. ರೇಟ್ ಏರಿಸಿದಷ್ಟೂ ಡೆಪ್ತ್ ಇಳಿಸಿ.

ರಸಮಂಜರಿ ವೇದಿಕೆಯಲ್ಲಿ ಸ್ಟೀರಿಯೊ ಕೋರಸ್‌ನ ಎರಡೂ ಔಟ್‌ಪುಟ್ ಮಿಕ್ಸರ್‌ಗೆ ಕೊಡುವ ಮುಂಚೆ ಸೌಂಡಿನವರನ್ನು ಒಂದು ಮಾತು ಕೇಳಿ: "ಅಣ್ಣಾ, ಹೊರಗಿನ ಬಾಕ್ಸ್ ಮೋನೋನಾ?" ಕೆಲವು ಪೆಡಲ್‌ಗಳಲ್ಲಿ ಎರಡನೇ ಔಟ್‌ಪುಟ್‌ನ ಕೋರಸ್ ಸದ್ದು ಉಲ್ಟಾ ಫೇಸ್‌ನಲ್ಲಿರುತ್ತದೆ, ಮೋನೋದಲ್ಲಿ ಎರಡೂ ಸೇರಿದರೆ ಕೋರಸ್ ಅಳಿದು ಬರೀ ಒಣ ಗಿಟಾರ್ ಉಳಿಯುತ್ತದೆ. ಮೋನೋ ಎಂದರೆ ಮೊದಲ ಔಟ್‌ಪುಟ್ ಒಂದನ್ನೇ ಕೊಟ್ಟು ಎರಡನೆಯದರ ಕೇಬಲ್ ಕಿತ್ತುಬಿಡಿ.