ಲೆವೆಲ್ 2 ಕಾರೋ, ಲೆವೆಲ್ 3 ಕಾರೋ: ತಪ್ಪಾದರೆ ಹೊಣೆ ಯಾರದ್ದು?

ಕಾರು ಕೊಳ್ಳುವಾಗ ಎಲ್ಲರೂ ಬೆಲೆ, ಬ್ಯಾಟರಿ ಕೇಳುತ್ತಾರೆ. ನಾನಾದರೆ ಮೊದಲು ಕೇಳುವುದು ಇದನ್ನು: ಕಾರು ತಾನೇ ಓಡುತ್ತಿರುವಾಗ ಕಾನೂನಿನ ಕಣ್ಣಿಗೆ ಚಾಲಕ ಯಾರು?

ಲೆವೆಲ್ ಎಂದರೆ ಕಾರು ಎಷ್ಟರ ಮಟ್ಟಿಗೆ ತಾನೇ ಓಡಬಲ್ಲದು ಎಂಬ ಅಳತೆ. ಲೆವೆಲ್ 2ರಲ್ಲಿ ಉತ್ತರ ಸುಲಭ. ನೀವೇ. ಸ್ಟೀರಿಂಗ್, ಬ್ರೇಕ್ ಎರಡನ್ನೂ ಕಾರು ನೋಡಿಕೊಂಡರೂ ರಸ್ತೆ ಮೇಲೆ ಕಣ್ಣಿಡುವ ಕೆಲಸ ನಿಮ್ಮದು. ತೊಂದರೆ ಏನೆಂದರೆ, ಯಂತ್ರ ಚೆನ್ನಾಗಿ ಓಡಿಸಿದಷ್ಟೂ ನಮ್ಮ ಗಮನ ಜಾರುತ್ತದೆ. 2018ರಲ್ಲಿ ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು ತಾನೇ ಓಡುತ್ತಿರುವಾಗ ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಅವರು ತೀರಿಕೊಂಡರು. ಕ್ರಿಮಿನಲ್ ಕೇಸು ಬಿದ್ದದ್ದು ನಿಗಾ ಇಡಲು ಸೀಟಿನಲ್ಲಿ ಕೂತಿದ್ದ ಆಪರೇಟರ್ ಮೇಲೆ, ಕಂಪನಿ ಮೇಲಲ್ಲ. ಅದು ಮಾರಾಟದ ಕಾರಲ್ಲ, ನಿಜ. ಆದರೂ ಎದೆ ಝಲ್ಲೆನ್ನುತ್ತದೆ, ಅಲ್ವಾ?

ಲೆವೆಲ್ 3ರಲ್ಲಿ ನೀವು ಸ್ವಲ್ಪ ಹೊತ್ತು ರಸ್ತೆಯಿಂದ ಕಣ್ಣು ತೆಗೆಯಬಹುದು. ಆದರೆ ಕಟ್ಟುಪಾಡು ಜಾಸ್ತಿ. ಮರ್ಸಿಡಿಸ್‌ನ ಲೆವೆಲ್ 3 ವ್ಯವಸ್ಥೆಯಾದ ಡ್ರೈವ್ ಪೈಲಟ್‌ಗೆ ಜರ್ಮನಿಯಲ್ಲಿ 2021ರಲ್ಲಿ ಸಿಕ್ಕ ಅನುಮತಿ ಗಂಟೆಗೆ 60 ಕಿ.ಮೀ. ವೇಗದವರೆಗೆ ಮಾತ್ರ. ಕಾರು ಕರೆದ ಕೂಡಲೇ ಸ್ಟೀರಿಂಗ್ ಹಿಡಿಯಬೇಕು, ಹಾಗಾಗಿ ನಿದ್ದೆ ಮಾಡುವಂತಿಲ್ಲ. ಕರೆದದ್ದಕ್ಕೂ ನೀವು ಹಿಡಿದದ್ದಕ್ಕೂ ನಡುವಿನ ಆ ಕೆಲವು ಸೆಕೆಂಡುಗಳಲ್ಲೇ ವಕೀಲರ ಜಗಳವೆಲ್ಲ ಇರುವುದು.

ಅಪಘಾತ ತಪ್ಪಿಸಲಾಗದಾಗ ಕಾರು ಯಾರನ್ನು ಉಳಿಸಬೇಕು, ಮಗುವನ್ನೋ ಮುದುಕರನ್ನೋ ಎಂಬ ಪ್ರಶ್ನೆ ಇಟ್ಟುಕೊಂಡು ಕಾರು ಆರಿಸಬೇಡಿ. ತಾನೇ ಓಡುವ ಕಾರುಗಳ ನೈತಿಕತೆ ಕುರಿತ ಜರ್ಮನಿಯ ಆಯೋಗ 2017ರಲ್ಲೇ ವಯಸ್ಸು, ಲಿಂಗ ನೋಡಿ ಆರಿಸುವುದು ಬೇಡ ಎಂದಿತ್ತು.

ದಿನವೂ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರಾದರೆ, ನೀವಿರುವ ದೇಶದ ಕಾನೂನು ಒಪ್ಪಿದರೆ, ಲೆವೆಲ್ 3. ಇಲ್ಲವಾದರೆ ಸುಮ್ನೆ ದುಡ್ಡು ಸುರಿಯಬೇಡಿ, ಲೆವೆಲ್ 2 ಸಾಕು. ಯಾವುದನ್ನೇ ಕೊಂಡರೂ ಅಪಘಾತದ ಹೊತ್ತಿನಲ್ಲಿ ಓಡಿಸುತ್ತಿದ್ದದ್ದು ಕಾರೋ ನೀವೋ ಎಂಬ ದಾಖಲೆ ನಿಮ್ಮ ಕೈಗೆ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿ.